ಕೇಪ್ ತೊಟ್ಟವರು, ಕೆಳಗೆ ನಿಂತವರು

ಸೂಪರ್‌ಮ್ಯಾನ್ ಒಮ್ಮೆ ಗಣಿಗೆ ಇಳಿದಿದ್ದ. 1938ರ ಮಾತು. ಅವನು ಹುಟ್ಟಿದ ಕಾಮಿಕ್ ಪತ್ರಿಕೆಯ ಮೂರನೇ ಸಂಚಿಕೆ ಅದು. ಗಣಿ ಕುಸಿದು ಕೂಲಿಯೊಬ್ಬ ಒಳಗೆ ಸಿಕ್ಕಿಕೊಂಡಿರುತ್ತಾನೆ. ಇವನು ಹೋಗಿ ಹೊರಗೆ ತರುತ್ತಾನೆ. ಆಮೇಲೆ ನೋಡಿದರೆ ಅಲ್ಲಿ ಸುರಕ್ಷತೆಯ ಏರ್ಪಾಟೆಲ್ಲ ಹೆಸರಿಗೆ ಮಾತ್ರ, ಮಾಲೀಕನಿಗೆ ಅದರ ಚಿಂತೆಯೂ ಇಲ್ಲ. ಆಗ ಸೂಪರ್‌ಮ್ಯಾನ್ ಗಣಿ ಕೂಲಿಯ ವೇಷ ಹಾಕಿ ಮಾಲೀಕನ ಮನೆಯ ಪಾರ್ಟಿಗೆ ನುಗ್ಗುತ್ತಾನೆ. ಮೋಜು ನೋಡೋಣ ಅಂತ ಮಾಲೀಕನೂ ಅತಿಥಿಗಳೂ ಪಾರ್ಟಿ ಬಟ್ಟೆಯಲ್ಲೇ ಗಣಿಗೆ ಇಳಿಯುತ್ತಾರೆ. ಇವನು ಹಿಂದಿನಿಂದ ದಾರಿ ಕುಸಿಯುವ ಹಾಗೆ ಮಾಡಿಬಿಡುತ್ತಾನೆ. ಅಪಾಯದ ಗಂಟೆ ಕೆಲಸ ಮಾಡುವುದಿಲ್ಲ. ಹೊರಗೆ ಬರಬೇಕಾದರೆ ತಾವೇ ಅಗೆಯಬೇಕು. ಅಷ್ಟು ಹೊತ್ತಿಗೆ ಮಾಲೀಕನಿಗೆ ಬುದ್ಧಿ ಬಂದಿರುತ್ತದೆ.

ಕೋಲಾರ ಜಿಲ್ಲೆಯಲ್ಲಿ, ಚಿನ್ನದ ಗಣಿಯಿಂದ ಕೂಗಳತೆಯಲ್ಲಿ ಬೆಳೆದವನು ನಾನು. ಈ ಕತೆ ಓದಿದಾಗ ಸೂಪರ್‌ಮ್ಯಾನ್ ನಮ್ಮೂರ ಕಡೆಯವನೇ ಇರಬೇಕು ಅನಿಸಿತ್ತು.

ಸೂಪರ್‌ಹೀರೋ ಸಿನಿಮಾಗಳಿಗೆ ಈಚೆಗೆ ರಾಜಕೀಯ ತಂದು ತುರುಕುತ್ತಿದ್ದಾರೆ ಅಂತ ಯಾರಾದರೂ ಗೊಣಗಿದರೆ ನಾನು ಮೊದಲು ಈ ಗಣಿ ಕತೆ ಹೇಳುತ್ತೇನೆ. ಈಚೆಗೆ ಅಲ್ಲ ಸ್ವಾಮಿ, ಮೊದಲ ದಿನದಿಂದಲೇ. ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಇಬ್ಬರೂ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬದ ಹುಡುಗರು. ಬೇರೆ ಲೋಕದಿಂದ ಬಂದು, ಹೆಸರು ಬದಲಿಸಿಕೊಂಡು, ಕನ್ನಡಕ ಹಾಕಿಕೊಂಡು ಊರವರೊಳಗೊಬ್ಬನಾಗಿ ಬದುಕುವವನ ಕತೆ ಅವರಿಗೆ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಾ? ಕ್ಯಾಪ್ಟನ್ ಅಮೆರಿಕ ತನ್ನ ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರನ ದವಡೆಗೆ ಗುದ್ದಿದ. ಆ ಸಂಚಿಕೆ ಅಂಗಡಿಗೆ ಬಂದದ್ದು 1940ರ ಡಿಸೆಂಬರ್‌ನಲ್ಲಿ. ಅಮೆರಿಕ ಯುದ್ಧಕ್ಕೆ ಇಳಿಯಲು ಇನ್ನೂ ಒಂದು ವರ್ಷ ಬಾಕಿ ಇತ್ತು, ನಮಗ್ಯಾಕೆ ಯುರೋಪಿನ ಉಸಾಬರಿ ಅನ್ನುವವರು ಅಲ್ಲಿ ತುಂಬಾ ಜನ ಇದ್ದರು. ಅದನ್ನು ಬರೆದು ಚಿತ್ರಿಸಿದ ಜೋ ಸೈಮನ್, ಜ್ಯಾಕ್ ಕರ್ಬಿ ಕೂಡ ಯಹೂದಿಗಳೇ. 1946ರಲ್ಲಿ ರೇಡಿಯೋ ಸೂಪರ್‌ಮ್ಯಾನ್, ಬಿಳಿಯರೇ ಮೇಲು ಅನ್ನುವ ಕು ಕ್ಲಕ್ಸ್ ಕ್ಲಾನ್ ತರಹದ ಮುಸುಕಿನ ಗುಂಪಿನ ಮೇಲೆ ಬಿದ್ದ. ಆ ಗುಂಪು ಕಾಡುತ್ತಿದ್ದದ್ದು ಒಂದು ಚೀನೀ ಅಮೆರಿಕನ್ ಕುಟುಂಬವನ್ನು. ಮಕ್ಕಳ ಕಾರ್ಯಕ್ರಮ ಇದು! ಅಂದರೆ ಗುರುತಿನ ರಾಜಕೀಯ ಈ ಕತೆಗಳಿಗೆ ಹೊರಗಿನಿಂದ ಬಂದು ಅಂಟಿಕೊಂಡದ್ದಲ್ಲ. ಹುಟ್ಟಿದಾಗಲೇ ಜೊತೆಗೆ ಬಂದದ್ದು.

ಆದರೆ ಆ ಗಣಿ ಕತೆಯನ್ನು ಇನ್ನೊಮ್ಮೆ ನೋಡಿ. ಗಣಿ ಕೂಲಿಗಳು ಅಲ್ಲಿ ಏನು ಮಾಡುತ್ತಾರೆ? ಮಾಲೀಕನಿಗೆ ಬುದ್ಧಿ ಕಲಿಸುವುದು ಸೂಪರ್‌ಮ್ಯಾನ್. ಬುದ್ಧಿ ಕಲಿಯುವುದು ಮಾಲೀಕ. ಕೂಲಿಯ ಕೆಲಸ ಸಿಕ್ಕಿಹಾಕಿಕೊಳ್ಳುವುದು, ಆಮೇಲೆ ಬಿಡಿಸಿಕೊಳ್ಳುವುದು. ಅವನ ಬಟ್ಟೆಯನ್ನು ಹೀರೋ ಹಾಕಿಕೊಳ್ಳುತ್ತಾನೆ, ಅವನ ಮಾತನ್ನು ಯಾರೂ ಆಡುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ಮುಖವಾಡದ ಒಳಗೆ ಯಾವ ಬಣ್ಣದ, ಯಾವ ಜಾತಿಯ, ಯಾವ ಭಾಷೆಯ ಮುಖ ಇದೆ ಅಂತ ನಾವು ಜಗಳ ಆಡುತ್ತೇವೆ. ಆ ಜಗಳ ಬೇಕು. ಆದರೆ ಕೆಳಗೆ ನಿಂತು ಕತ್ತು ಎತ್ತಿ ನೋಡುವ ಜನಕ್ಕೆ ಸಿನಿಮಾ ಏನು ಕೆಲಸ ಕೊಟ್ಟಿದೆ ಅಂತ ಕೇಳುವವರು ಕಡಿಮೆ.

ಈ ವಿಷಯ ನನ್ನ ತಲೆಗೆ ಹತ್ತಿದ್ದು ನನ್ನ ಅಕ್ಕನ ಮಗನ ದೆಸೆಯಿಂದ. ಬಂಗಾರಪೇಟೆಯ ಹುಡುಗ, ಬೆಂಗಳೂರಿನಲ್ಲಿ ಕೆಲಸ, ದಿನಾ ರೈಲಿನಲ್ಲಿ ಓಡಾಟ. ಹೋಗುವಾಗಲೂ ಬರುವಾಗಲೂ ಯೂಟ್ಯೂಬ್. ಅಲ್ಲಿ ಅಮೆರಿಕದ ಯಾರೋ ಗಡ್ಡದ ಮಹಾಶಯರು ಕೂತು, ಹೆಂಗಸನ್ನು ಯಾಕೆ ಹೀರೋ ಮಾಡಿದಿರಿ, ಇವನನ್ನು ಯಾಕೆ ಕಪ್ಪು ಮಾಡಿದಿರಿ ಅಂತ ಗಂಟೆಗಟ್ಟಲೆ ಬೈಯುತ್ತಿರುತ್ತಾರೆ. ಇವನು ಅದನ್ನು ತಂದು ಭಾನುವಾರ ನಮ್ಮನೆಯಲ್ಲಿ ಮುದ್ದೆ ಮುರಿಯುತ್ತಾ ನನ್ನ ಮೇಲೆ ಸುರಿಯುತ್ತಾನೆ. "ವೋಕ್ ಬಂದು ಮಾರ್ವೆಲ್ ಹಾಳಾಯ್ತು ಮಾಮ." ವೋಕ್ ಅಂದರೆ ಬಣ್ಣ, ಹೆಣ್ಣುಗಂಡಿನ ಸಮಾನತೆ ಅಂತ ಅತಿ ಮಾಡುವವರು ಅನ್ನುವ ಬೈಗುಳ, ಮಾರ್ವೆಲ್ ಅಂದರೆ ಸೂಪರ್‌ಹೀರೋ ಸಿನಿಮಾ ಮಾಡುವ ಕಂಪನಿ. ಲೇ, ನಿನಗೂ ಅದಕ್ಕೂ ಏನೋ ಸಂಬಂಧ? ಆ ಗಡ್ಡದವರ ಲೆಕ್ಕದಲ್ಲಿ ನೀನೂ ಹೊರಗಿನವನೇ ಕಣೋ ಅಂದರೆ ನಗುತ್ತಾನೆ.

ನಮ್ಮ ಮನೆಮಾತು ತೆಲುಗು. ಸ್ಕೂಲು ಕನ್ನಡ. ಗಣಿ ಕಡೆಯ ಗೆಳೆಯರ ಜೊತೆ ತಮಿಳು. ಕೋಲಾರದಲ್ಲಿ ಇದು ದೊಡ್ಡ ವಿಷಯವೇ ಅಲ್ಲ. ಆದರೆ 2002ರಲ್ಲಿ ಸ್ಪೈಡರ್‌ಮ್ಯಾನ್ ಬಂದಾಗ ಅವನು ನಮ್ಮ ಜೊತೆ ತೆಲುಗಿನಲ್ಲಿ ಮಾತಾಡಿದ. ಹಿಂದಿ, ತಮಿಳು, ತೆಲುಗಿಗೆ ಡಬ್ ಆಗಿತ್ತು, ಕನ್ನಡಕ್ಕೆ ಇಲ್ಲ. ಡಬ್ಬಿಂಗ್ ಬೇಡ ಅನ್ನುವುದು 1960ರ ದಶಕದಿಂದ ಇಲ್ಲಿ ನಡೆದುಬಂದ ಹೋರಾಟ. ಆಗ ಅದಕ್ಕೆ ಕಾರಣವಿತ್ತು, ನಮ್ಮ ಚಿತ್ರರಂಗ ಬದುಕಬೇಕಿತ್ತು. ಆದರೆ ಅದು ಕಾನೂನಲ್ಲ, ಕಟ್ಟುಪಾಡು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಇದು ತಪ್ಪು ಅಂತ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ಅಲ್ಲಿಯವರೆಗೆ ಕೋಲಾರದ ಮಕ್ಕಳಿಗೆ ಅಮೆರಿಕದ ಹೀರೋ ಸಿಗುತ್ತಿದ್ದದ್ದು ತೆಲುಗಿನಲ್ಲಿ. ಕನ್ನಡ ಉಳಿಸುವುದಕ್ಕೆ ಅಂತ ಹಾಕಿದ ಬೇಲಿ, ಗಡಿ ಜಿಲ್ಲೆಯಲ್ಲಿ ಕನ್ನಡವನ್ನೇ ಹೊರಗೆ ನಿಲ್ಲಿಸಿತ್ತು. 2023ರಲ್ಲಿ ಸ್ಪೈಡರ್‌ಮ್ಯಾನ್‌ನ ಕಾರ್ಟೂನ್ ಚಿತ್ರ, ಅದರಲ್ಲೊಬ್ಬ ಭಾರತದ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್, ಇಲ್ಲಿ ಹತ್ತು ಭಾಷೆಗಳಲ್ಲಿ ಬಂತು. ಕನ್ನಡವೂ ಇತ್ತು. ಖುಷಿ ಆಯ್ತಾ ಅಂದರೆ ಆಯ್ತು. ಇದು ನಮ್ಮ ಭಾಷೆಯ ಮೇಲಿನ ಪ್ರೀತಿಯಿಂದ ಬಂದದ್ದು ಅಂತ ಮಾತ್ರ ನಾನು ನಂಬುವುದಿಲ್ಲ. ಅಂಗಡಿಯವನು ಗಿರಾಕಿಯ ಭಾಷೆ ಕಲಿಯುತ್ತಾನೆ, ಅಷ್ಟೇ.

ಅದಕ್ಕೂ ಮುಂಚೆ ನಮ್ಮಪ್ಪನ ಟ್ರಂಕಿನಲ್ಲಿ ಫ್ಯಾಂಟಮ್ ಇದ್ದ. ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. ನೆನಪಿಸಿಕೊಂಡರೆ ಈಗ ನಗು ಬರುತ್ತದೆ. ಕಾಡಿನ ಮಧ್ಯೆ ತಲೆಬುರುಡೆಯ ಸಿಂಹಾಸನ. ಅದರ ಮೇಲೆ ಒಬ್ಬ ಬಿಳಿಯ. ಸುತ್ತ ಅವನನ್ನು ಕಾಯುವ ಕುಳ್ಳ ಕಾಡುಜನ. ತಲೆಮಾರುಗಳಿಂದ ಅಪ್ಪನಿಂದ ಮಗನಿಗೆ ಬರುವ ಯಜಮಾನಿಕೆ, ಆದರೆ ಕಾಡುಜನದಲ್ಲಿ ಒಬ್ಬನಿಗೂ ಅದು ಬರುವುದಿಲ್ಲ. ಮೂಲದಲ್ಲಿ ಆ ದೇಶದ ಹೆಸರು ಬಂಗಾಳವನ್ನು ನೆನಪಿಸುತ್ತಿತ್ತು ಅಂತ ನಮ್ಮವರು ಅದನ್ನು ಡೆಂಕಾಲಿ ಮಾಡಿದರು. ಹೆಸರು ಬದಲಾಯಿತು, ಸಿಂಹಾಸನ ಹಾಗೇ ಉಳಿಯಿತು. ನಾವು ಮಕ್ಕಳು ಆಟ ಆಡುವಾಗ ಎಲ್ಲರೂ ಫ್ಯಾಂಟಮ್ಮೇ ಆಗುತ್ತಿದ್ದೆವು. ಕಾಡುಜನ ಆಗು ಅಂದರೆ ಜಗಳ.

ಹಾಗಾಗಿ ಮುಖ ಬದಲಾಗುವುದು ಸಣ್ಣ ವಿಷಯ ಅಂತ ನಾನು ಹೇಳಲಾರೆ. ನಮ್ಮ ಬೀದಿಯಲ್ಲಿ ಗಾರೆ ಕೆಲಸದವರ ಮಗ ಒಬ್ಬನಿದ್ದ. ಚೆನ್ನಾಗಿ ಕಪ್ಪು. ಆ ಬಣ್ಣದ ಮೇಲೆಯೇ ಸ್ಕೂಲಿನಲ್ಲಿ ಅವನಿಗೊಂದು ಅಡ್ಡಹೆಸರು, ಮೇಷ್ಟ್ರೂ ಅದರಲ್ಲೇ ಕರೆಯುತ್ತಿದ್ದರಂತೆ. 2018ರಲ್ಲಿ, ಆಫ್ರಿಕಾದ ಕಪ್ಪು ರಾಜನೇ ಹೀರೋ ಆದ ಬ್ಲ್ಯಾಕ್ ಪ್ಯಾಂಥರ್ ಬಂತು. ಆ ಬೇಸಿಗೆಯಲ್ಲಿ ಅವನು ಎದೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಮುಷ್ಟಿ ಬಿಗಿದು ಬೀದಿ ತುಂಬ ಓಡಾಡಿದ. ಕ್ರಿಕೆಟ್‌ನಲ್ಲಿ ಔಟಾದರೂ ಅದೇ ಭಂಗಿ. ಶಾಲೆ ಶುರುವಾಗುವ ಹೊತ್ತಿಗೆ ಹುಡುಗರು ಅವನನ್ನು ಪ್ಯಾಂಥರ್ ಅನ್ನುತ್ತಿದ್ದರು. ಇದನ್ನು ಕಣ್ಣಾರೆ ನೋಡಿದವನಿಗೆ ಪ್ರಾತಿನಿಧ್ಯ ಎಲ್ಲ ಬೂಟಾಟಿಕೆ ಅಂತ ಹೇಳಲು ಬಾಯಿ ಬರುವುದಿಲ್ಲ. ಆ ಸಿನಿಮಾಕ್ಕೆ ಮೂರು ಆಸ್ಕರ್ ಬಂತು, ಅತ್ಯುತ್ತಮ ಚಿತ್ರದ ಪಟ್ಟಿಗೆ ಹೋದ ಮೊದಲ ಸೂಪರ್‌ಹೀರೋ ಸಿನಿಮಾ ಆಯ್ತು. ಅದೆಲ್ಲಕ್ಕಿಂತ ನನಗೆ ಆ ಅಡ್ಡಹೆಸರು ಬದಲಾದದ್ದೇ ದೊಡ್ಡದು.

ಅದೇ ಸಿನಿಮಾದಲ್ಲಿ ಬೆಟ್ಟದ ಬುಡಕಟ್ಟಿನ ನಾಯಕ ಹನುಮಾನ್ ಹೆಸರು ಹೇಳಿ ಜೈಕಾರ ಹಾಕುವ ಮಾತಿದೆ. ನಮ್ಮ ಸೆನ್ಸಾರ್‌ನವರು ಆ ಹೆಸರನ್ನು ಮ್ಯೂಟ್ ಮಾಡಿಸಿದರು. ಆಫ್ರಿಕಾದವನ ಬಾಯಲ್ಲಿ ಹನುಮಂತನ ಹೆಸರು ಬಂದರೆ ನಮಗೇನು ಕಷ್ಟವೋ. ಒಂದೊಂದು ಮಾರುಕಟ್ಟೆಗೆ ಒಂದೊಂದು ಕತ್ತರಿ. 2016ರ ಡಾಕ್ಟರ್ ಸ್ಟ್ರೇಂಜ್‌ನಲ್ಲಿ, ಕಾಮಿಕ್‌ನ ಟಿಬೆಟಿನ ಗುರುವಿನ ಪಾತ್ರವನ್ನು ಬಿಳಿ ಹೆಂಗಸೊಬ್ಬಳು ಮಾಡಿದಳು. ಟಿಬೆಟ್ ಅಂದರೆ ಚೀನಾಕ್ಕೆ ಕೋಪ ಬರುತ್ತದೆ ಅನ್ನುವ ಮಾತು ಆಗಲೇ ಎದ್ದಿತ್ತು. 2021ರ ಎಟರ್ನಲ್ಸ್‌ನಲ್ಲಿ ಇಬ್ಬರು ಗಂಡಸರ ಸಂಸಾರ ಇದೆ ಅಂತ ಹಲವು ಕೊಲ್ಲಿ ದೇಶಗಳಲ್ಲಿ ಆ ಸಿನಿಮಾ ತೆರೆಗೇ ಬರಲಿಲ್ಲ. ಅತ್ತ ಅಮೆರಿಕದ ಸೇನೆ 2008ರ ಐರನ್ ಮ್ಯಾನ್‌ಗೆ ತನ್ನ ವಾಯುನೆಲೆಯಲ್ಲೇ ಶೂಟಿಂಗ್ ಮಾಡಲು ಬಿಟ್ಟಿತು. 2012ರ ಅವೆಂಜರ್ಸ್‌ಗೆ ಒಲ್ಲೆ ಅಂದಿತು. ಅದರಲ್ಲಿ ಬರುವ ಗುಪ್ತ ಸಂಸ್ಥೆಯ ಕೈಕೆಳಗೆ ಸೇನೆ ಇದೆಯೋ ಹೇಗೆ ಅನ್ನುವುದು ಸ್ಪಷ್ಟ ಇಲ್ಲ ಅಂತ. ಇಷ್ಟು ಕಣ್ಣುಗಳ ಮುಂದೆ ತೇರ್ಗಡೆಯಾಗಿ ಬರುವ ಕತೆ ಯಾರಿಗೂ ನೋವಾಗದ ಹಾಗೆ ನಯವಾಗಿ ಬರುವುದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಒಂದು ತಮಾಷೆ ನೋಡಿ. ಇಷ್ಟೆಲ್ಲ ನಯದ ನಡುವೆಯೂ ಒಬ್ಬ ನಿಜ ಮಾತಾಡುತ್ತಾನೆ. ಅವನೇ ವಿಲನ್. ಬ್ಲ್ಯಾಕ್ ಪ್ಯಾಂಥರ್‌ನ ಕಿಲ್‌ಮಾಂಗರ್ ಕೇಳುವುದೇನು? ನಿಮ್ಮ ಹತ್ತಿರ ಇಷ್ಟು ಸಂಪತ್ತು, ಇಷ್ಟು ವಿದ್ಯೆ ಇದ್ದೂ, ಹೊರಗೆ ನಿಮ್ಮದೇ ಬಣ್ಣದ ಜನ ಒದೆ ತಿನ್ನುತ್ತಿದ್ದಾಗ ಬಾಗಿಲು ಹಾಕಿಕೊಂಡು ಕೂತಿದ್ದು ಯಾಕೆ ಅಂತ. ಅವನ ಅಪ್ಪನನ್ನು ಕೊಂದವನು ಅವನ ದೊಡ್ಡಪ್ಪನೇ, ಅಂದರೆ ರಾಜ. ಹುಡುಗನನ್ನು ಬಿಟ್ಟು ಬಂದದ್ದು ಓಕ್ಲೆಂಡ್‌ನ ಬಡ ಕೇರಿಯಲ್ಲಿ. ಅವನ ಪ್ರಶ್ನೆಗೆ ಉತ್ತರ ಇಲ್ಲ. ಹಾಗಂತ ಅವನನ್ನೇ ಗೆಲ್ಲಿಸಲಿಕ್ಕಾಗುತ್ತಾ? ಅದಕ್ಕೆ ಸಿನಿಮಾ ಅವನ ಕೈಯಲ್ಲಿ ತನ್ನ ಪ್ರೇಯಸಿಯನ್ನೇ ಕೊಲ್ಲಿಸುತ್ತದೆ, ಮುದುಕಿಯ ಕತ್ತು ಹಿಡಿಸುತ್ತದೆ. ಆಮೇಲೆ ನಮಗೆ ನಿರಾಳ. ಅವನ ಸಾವಿಗೆ ಒಂದು ಹನಿ ಕಣ್ಣೀರು ಹಾಕಿ ಮನೆಗೆ ಹೋಗಬಹುದು.

ಎಕ್ಸ್‌ಮೆನ್ ಕತೆಗಳಲ್ಲಿ ಕಬ್ಬಿಣ ಬಗ್ಗಿಸುವ ವಿಲನ್ ಮ್ಯಾಗ್ನೀಟೋ ಕೂಡ ಹೀಗೇ. 2000ದ ಎಕ್ಸ್‌ಮೆನ್ ಶುರುವಾಗುವುದೇ 1944ರ ಪೋಲೆಂಡಿನ ನಾಜಿ ಶಿಬಿರದ ಗೇಟಿನಲ್ಲಿ, ಮಳೆಯಲ್ಲಿ, ಅಪ್ಪ ಅಮ್ಮನಿಂದ ಕಿತ್ತುಕೊಂಡ ಹುಡುಗನಿಂದ. ಸರ್ಕಾರ ಜನರ ಪಟ್ಟಿ ಮಾಡಲು ಹೊರಟರೆ ಮುಂದೇನಾಗುತ್ತದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? 2017ರ ಸ್ಪೈಡರ್‌ಮ್ಯಾನ್‌ನ ವಿಲನ್ ಒಬ್ಬ ಸಣ್ಣ ಗುತ್ತಿಗೆದಾರ. ಸಾಲ ಮಾಡಿ ಲಾರಿ ತಂದಿರುತ್ತಾನೆ, ಆಳು ಇಟ್ಟಿರುತ್ತಾನೆ. ಸರ್ಕಾರ ಮತ್ತು ಕೋಟ್ಯಧೀಶ ಸೂಪರ್‌ಹೀರೋ ಸೇರಿಕೊಂಡು ಒಂದೇ ದಿನದಲ್ಲಿ ಅವನ ಗುತ್ತಿಗೆ ಕಿತ್ತುಕೊಳ್ಳುತ್ತಾರೆ. ಕೋಲಾರ ತಾಲೂಕು ಆಫೀಸಿನ ಮುಂದೆ ಟೀ ಕುಡಿಯುವ ಅರ್ಧ ಜನ ಅವನ ಕಡೆಗೇ ನಿಲ್ಲುತ್ತಾರೆ. ನಮ್ಮ ಪಕ್ಕದ ಮಲಯಾಳದ ಮಿನ್ನಲ್ ಮುರಳಿಯಲ್ಲೂ ಅಷ್ಟೇ. ಒಂದೇ ಸಿಡಿಲು ಇಬ್ಬರಿಗೆ ಹೊಡೆಯುತ್ತದೆ. ಊರು ಸ್ವಲ್ಪವಾದರೂ ಲೆಕ್ಕಕ್ಕೆ ತೆಗೆದುಕೊಂಡಿದ್ದ ಟೈಲರ್ ಹುಡುಗ ಹೀರೋ ಆಗುತ್ತಾನೆ. ಊರು ಹುಚ್ಚ ಅಂತ ದೂರ ಇಟ್ಟಿದ್ದ, ಟೀ ಅಂಗಡಿಯ ಶಿಬು ವಿಲನ್ ಆಗುತ್ತಾನೆ. ಗುರು ಸೋಮಸುಂದರಂ ಆ ಪಾತ್ರ ಮಾಡಿರುವುದನ್ನು ನೋಡಿದವರು ಹೀರೋವನ್ನು ಮರೆತಿರಬಹುದು, ಶಿಬುವನ್ನು ಮರೆತಿರಲಾರರು. ನನಗೆ ಈ ಸಿನಿಮಾ ಬೇರೆಯವಕ್ಕಿಂತ ಇಷ್ಟ. ಯಾಕೆಂದರೆ ವಿಲನ್ ತಯಾರಾದದ್ದು ಊರಿನಿಂದಲೇ ಅನ್ನುವುದನ್ನು ಅದು ಮುಚ್ಚಿಡುವುದಿಲ್ಲ.

ಪ್ರಶ್ನೆ ಕೇಳುವವನು ವಿಲನ್ನೇ ಆಗಬೇಕು ಅಂತ ಎಲ್ಲಿ ಬರೆದಿದೆ? ಮುಳಬಾಗಿಲು ತಾಲೂಕಿನಲ್ಲಿ ಆವಣಿ ಅಂತ ಊರಿದೆ. ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಅಂತ ಐತಿಹ್ಯ. ಬೆಟ್ಟದ ಮೇಲೆ ಸೀತೆಯ ಗುಡಿ. ಕೆಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಶಿವನ ಗುಡಿಗಳು, ನೊಳಂಬರ ಕಾಲದವು. ಶಿವರಾತ್ರಿ ಸಮಯದಲ್ಲಿ ದೊಡ್ಡ ದನಗಳ ಜಾತ್ರೆ. ಹತ್ತನೇ ಕ್ಲಾಸಿನಲ್ಲಿ ಲಕ್ಷ್ಮೀಶನ ಪದ್ಯ ಓದಿದವರಿಗೆ ಮುಂದಿನದು ನೆನಪಿರುತ್ತದೆ. ರಾಮನ ಯಾಗದ ಕುದುರೆ ಆಶ್ರಮಕ್ಕೆ ಬರುತ್ತದೆ. ಭೂಮಿಯ ಮೇಲೆ ವೀರ ಅಂದರೆ ರಾಮ ಒಬ್ಬನೇ ಅಂತ ಅದರ ಹಣೆಯ ಪಟ್ಟಿಯಲ್ಲಿ ಬರೆದಿರುತ್ತದೆ. ಲವನಿಗೆ ಸಿಟ್ಟು ಬರುತ್ತದೆ. ಹೊದ್ದ ಉತ್ತರೀಯ ತೆಗೆದು ಕುದುರೆಯ ಕುತ್ತಿಗೆಗೆ ಬಿಗಿದು ಬಾಳೆಗಿಡಕ್ಕೆ ಕಟ್ಟುತ್ತಾನೆ. ಜೊತೆಗಿದ್ದ ಮುನಿಗಳ ಮಕ್ಕಳು ನಡುಗಿಹೋಗಿ, ಬೇಡ ಬೇಡ, ಅರಸರ ಕುದುರೆ, ಬಿಡು ಅಂತ ಬೇಡಿಕೊಳ್ಳುತ್ತಾರೆ. ಇವನು ಬಿಡುವುದಿಲ್ಲ. ಕೇಪನ್ನು ಹಗ್ಗ ಮಾಡಿಕೊಂಡ ಹುಡುಗ!

ನಾಡಿನ ಅತಿ ದೊಡ್ಡ ವೀರನ ಕುದುರೆಯನ್ನು ಒಬ್ಬ ಚಿಕ್ಕ ಹುಡುಗ ತಡೆದ, ಕತೆ ಅವನನ್ನು ದುಷ್ಟ ಮಾಡಲಿಲ್ಲ. ಅವನ ಅಮ್ಮನಿಗೆ ಆದ ಅನ್ಯಾಯ ಓದುವವರಿಗೆ ಗೊತ್ತು. ಅದನ್ನು ಅಳಿಸುವುದಕ್ಕೆ ಅವನ ಕೈಯಲ್ಲಿ ಯಾವ ಮುದುಕಿಯ ಕತ್ತನ್ನೂ ಹಿಡಿಸಲಿಲ್ಲ. ನಮ್ಮ ಹಳೆಯ ಕತೆಗಳಲ್ಲೆಲ್ಲ ಇಂಥ ನ್ಯಾಯ ಇದೆ ಅಂತ ನಾನು ಹೇಳುತ್ತಿಲ್ಲ, ಶಂಬೂಕನನ್ನು ಕೇಳಿದರೆ ಬೇರೆಯೇ ಹೇಳುತ್ತಾನೆ. ಆದರೆ ಇದೊಂದು ದಾರಿಯೂ ಇತ್ತು.

ಈಗ ಕೆಜಿಎಫ್ ವಿಷಯಕ್ಕೆ ಬರಲೇಬೇಕು. 2018ರ ಡಿಸೆಂಬರ್‌ನಲ್ಲಿ ಮೊದಲ ಭಾಗ, 2022ರ ಏಪ್ರಿಲ್‌ನಲ್ಲಿ ಎರಡನೆಯದು. ಇದನ್ನು ಸೂಪರ್‌ಹೀರೋ ಸಿನಿಮಾ ಅಂತ ಯಾರೂ ಕರೆಯಲಿಲ್ಲ, ಆದರೆ ಇನ್ನೇನು ಅದು? ಗುಂಡು ತಾಗದ ಗಂಡಸು, ಅಮ್ಮನ ಮಾತು, ಹಿಂದೆ ಹಾರುವ ಕೋಟು. ನಾನೂ ಥಿಯೇಟರ್‌ನಲ್ಲಿ ಶಿಳ್ಳೆ ಹಾಕಿದವನೇ. ಕನ್ನಡದ ಒಬ್ಬ ಹೀರೋ ದೇಶದ ತುಂಬ ಮೆರೆದಾಗ ಹೆಮ್ಮೆ ಆಗದವರು ಯಾರು? ಊರ ಹೆಸರು ಹೇಳಿದರೆ ಈಗ ಲಕ್ನೋದವರಿಗೂ ಗೊತ್ತು.

ಸಿನಿಮಾ ಟಿವಿಯಲ್ಲಿ ಬಂದಾಗ ನನ್ನ ಗೆಳೆಯನ ಮನೆಯಲ್ಲಿ ಕೂತು ಮತ್ತೆ ನೋಡಿದೆವು. ಗಣಿಯವರ ಹಳೆಯ ಲೈನ್ ಮನೆ. ತಗಡಿನ ಸೂರು, ಗೋಡೆಯಲ್ಲಿ ಅಂಬೇಡ್ಕರ್, ಪಕ್ಕದಲ್ಲಿ ಬುದ್ಧ. ಗೆಳೆಯನ ಅಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಕೆಲಸ ಮಾಡಿದವರು. ಕೇಜ್‌ನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ ಇಳಿದು, ಭೂಮಿಯ ಹೊಟ್ಟೆಯೊಳಗೆ ಬೆವರಿ, ಮೇಲೆ ಬಂದವರು. ಮೂರು ಕಿಲೋಮೀಟರ್‌ಗೂ ಹೆಚ್ಚು ಆಳದ ಗಣಿ ಅದು. ಈಗ ಮೂರು ಮೆಟ್ಟಿಲು ಹತ್ತಿದರೆ ನಿಂತು ಉಸಿರು ಎಳೆದುಕೊಳ್ಳುತ್ತಾರೆ. ಅವರು ಮೊದಲು ಕೇಳಿದ್ದು, "ಕೇಜ್ ಎಲ್ಲಿ?" ಸಿನಿಮಾದಲ್ಲಿ ಜನ ದೊಡ್ಡ ಬಯಲಿನಲ್ಲಿ ಕಲ್ಲು ಒಡೆಯುತ್ತಾ, ಚಾಟಿ ಏಟು ತಿನ್ನುತ್ತಾ ಇದ್ದರು. ಸುಮಾರು ಹೊತ್ತು ಸುಮ್ಮನೆ ನೋಡಿದರು. ಧೂಳು ಮೆತ್ತಿದ ಸಾವಿರಾರು ಮುಖ, ಎಲ್ಲ ಒಂದೇ ಬಣ್ಣ. ರಾಕಿ ಎದ್ದು ನಿಂತ. ಜನ ಅವನನ್ನು ದೇವರಂತೆ ನೋಡಿದರು. ಆಗ ಅಂಕಲ್ ನನ್ನ ಕಡೆ ತಿರುಗಿ ತಮಿಳಿನಲ್ಲಿ ಕೇಳಿದರು: "ಇಷ್ಟು ಜನ ಇದ್ದಾರೆ, ಒಂದು ಯೂನಿಯನ್ ಇಲ್ವಾಪ್ಪಾ?"

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ನಗಬೇಕಾಗಿಯೂ ಇರಲಿಲ್ಲ. ಯಾಕೆಂದರೆ ನಿಜವಾದ ಕೆಜಿಎಫ್‌ನಲ್ಲಿ ಜನ ಯಾರನ್ನೋ ಕಾಯುತ್ತಾ ಕೂತಿರಲಿಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿಗೆ ಕಾಲಿಟ್ಟಿತು. ಕೆಲಸಕ್ಕೆ ಬಂದವರಲ್ಲಿ ಬಹಳಷ್ಟು ಮಂದಿ ತಮಿಳು ಸೀಮೆಯ ದಲಿತರು. ಊರಲ್ಲಿ ಜೀತ ಮಾಡುವುದಕ್ಕಿಂತ ಪಾತಾಳವೇ ವಾಸಿ ಅಂತ ಬಂದವರು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು, ಬೆಂಗಳೂರಿಗಿಂತ ಮುಂಚೆ. ಬಂದದ್ದು ಯಂತ್ರಗಳಿಗೆ, ಬಂಗಲೆಗಳಿಗೆ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದುಕೊಂಡು ನೋಂದಣಿ ಮಾಡಬೇಕು ಅಂತ ನಿಯಮ ತಂದರು. ನಾವೇನು ಕಳ್ಳರಾ ಅಂತ ಜನ ಕೆಲಸ ನಿಲ್ಲಿಸಿದರು. ಕೇಜು ಇಳಿಯಲಿಲ್ಲ. ಮ್ಯಾಗ್ನೀಟೋ ಹೆದರಿದ್ದ ಪಟ್ಟಿ ಇದೇ ಅಲ್ವಾ? ಅದನ್ನು ಇಲ್ಲಿ ಎದುರಿಸಿದವರು ಕಬ್ಬಿಣ ಬಗ್ಗಿಸುವ ಶಕ್ತಿ ಇದ್ದವರಲ್ಲ, ಕಬ್ಬಿಣ ಹೊತ್ತವರು. ಅವರಿಗೆ ಯೂನಿಯನ್ ಇತ್ತು, ಬಾವುಟ ಇತ್ತು, ರಾತ್ರಿ ಶಾಲೆ ಇತ್ತು. ಮುಂದೆ ಅಂಬೇಡ್ಕರ್ ಹಾದಿಯ ರಿಪಬ್ಲಿಕನ್ ಪಕ್ಷದಿಂದ ಸಿ.ಎಂ. ಆರ್ಮುಗಂ ಅವರನ್ನು ವಿಧಾನಸಭೆಗೆ ಕಳಿಸಿದ ಕ್ಷೇತ್ರ ಇದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವತ್ತಿನಿಂದ ಇಲ್ಲಿಯ ಮಕ್ಕಳು ಕೇಜ್ ಬದಲು ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಇಳಿಯುತ್ತಾರೆ.

ಸಿನಿಮಾ ಡಾಕ್ಯುಮೆಂಟರಿ ಆಗಬೇಕಿತ್ತು ಅನ್ನುವುದು ನನ್ನ ವಾದ ಅಲ್ಲ. ಅಲ್ಲಿನ ನರಾಚಿ ಕಲ್ಪನೆಯ ಊರು, ನಿರ್ದೇಶಕರಿಗೆ ಆ ಸ್ವಾತಂತ್ರ್ಯ ಇದೆ. ಆದರೆ ಶೂಟಿಂಗ್ ಮಾಡಿದ್ದು ಚಿನ್ನ ತೆಗೆದು ಸುರಿದ ಮಣ್ಣಿನ ನಮ್ಮ ಸೈನೈಡ್ ದಿಬ್ಬಗಳ ಮೇಲೆ, ಹೆಸರು ನಮ್ಮೂರಿನದು. ಆ ಜನರ ಭಾಷೆ ಹೋಯಿತು, ಜಾತಿ ಹೋಯಿತು, ಹೋರಾಟ ಹೋಯಿತು. ಉಳಿದದ್ದು ಗುಲಾಮರು ಮತ್ತು ಒಬ್ಬ ರಾಕಿ. ಎರಡನೇ ಭಾಗದಲ್ಲಿ ರಾಕಿಯೇ ದಣಿ. ಜನಕ್ಕೆ ಮನೆ ಕಟ್ಟಿಸಿ ಕೊಡುತ್ತಾನೆ ಸರಿ, ಅಗೆಯುವುದು ಮಾತ್ರ ನಿಲ್ಲುವುದಿಲ್ಲ. ಇನ್ನೂ ಬೇಕು, ಇನ್ನೂ ಬೇಕು. ಅದಕ್ಕೂ ನಾವು ಶಿಳ್ಳೆ ಹಾಕಿದೆವು.

ಜನರಿಗೆ ಕೆಲಸ ಕೊಟ್ಟ ಸಿನಿಮಾಗಳೇ ಇಲ್ಲ ಅಂತಲ್ಲ. 2002ರ ಸ್ಪೈಡರ್‌ಮ್ಯಾನ್‌ನಲ್ಲಿ ಸೇತುವೆಯ ಮೇಲಿನ ಜನ ಕೈಗೆ ಸಿಕ್ಕಿದ್ದನ್ನು ವಿಲನ್ ಮೇಲೆ ಎಸೆಯುತ್ತಾರೆ. ನ್ಯೂಯಾರ್ಕಿನ ಅವಳಿ ಕಟ್ಟಡ ಬಿದ್ದ ಮೇಲೆ ಸೇರಿಸಿದ ದೃಶ್ಯ ಅದು. 2008ರ ಡಾರ್ಕ್ ನೈಟ್‌ನಲ್ಲಿ ಎರಡು ದೋಣಿ. ಒಂದರಲ್ಲಿ ಊರ ಜನ, ಇನ್ನೊಂದರಲ್ಲಿ ಕೈದಿಗಳು. ಒಬ್ಬರ ಕೈಯಲ್ಲಿ ಇನ್ನೊಬ್ಬರ ದೋಣಿ ಸಿಡಿಸುವ ಸ್ವಿಚ್. ಒತ್ತದೆ ಇದ್ದದ್ದೇ ಅವರ ಗೆಲುವು, ಬ್ಯಾಟ್‌ಮ್ಯಾನ್‌ಗೆ ಅಲ್ಲಿ ಮಾಡಲು ಏನೂ ಇರಲಿಲ್ಲ. ಸ್ವಿಚ್ಚನ್ನು ಕಿಟಕಿಯಿಂದ ಆಚೆ ಎಸೆಯುವವನು ಒಬ್ಬ ಕೈದಿ, ನೋಡಿದರೆ ಹೆದರಬೇಕು ಅನ್ನಿಸುವ ಕಪ್ಪು ದೈತ್ಯ. ಆ ಒಂದು ನಿಮಿಷದಲ್ಲಿ ಗುರುತಿನ ಬಗ್ಗೆ ಹೇಳಿದ್ದು ಎಷ್ಟೋ ಭಾಷಣಗಳಿಗಿಂತ ಜಾಸ್ತಿ. ಅದೇ ನಿರ್ದೇಶಕನ 2012ರ ಮುಂದಿನ ಭಾಗದಲ್ಲಿ ಅದೇ ಊರಿನ ಜನ ಬಂಗಲೆಗಳಿಗೆ ನುಗ್ಗುವ, ಬೀದಿ ನ್ಯಾಯ ಮಾಡುವ ಗುಂಪಾಗುತ್ತಾರೆ. ನಾಲ್ಕು ವರ್ಷಕ್ಕೆ ಜನರ ಮೇಲಿನ ನಂಬಿಕೆ ಎಲ್ಲಿ ಹೋಯಿತೋ.

2025ರ ಆಗಸ್ಟ್ ಕೊನೆಗೆ ಮಲಯಾಳದ ಲೋಕಃ ಬಂತು. ಕಲ್ಯಾಣಿ ಪ್ರಿಯದರ್ಶನ್ ಹೀರೋ. ನಾಯಕಿ ಅಲ್ಲ, ಹೀರೋನೇ. ಕತೆ ನಡೆಯುವುದು ನಮ್ಮ ಬೆಂಗಳೂರಿನಲ್ಲಿ. ಅದರಲ್ಲಿ ಕೆಟ್ಟ ಪೊಲೀಸ್ ಪಾತ್ರವೊಂದು ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಮಾತಾಡುತ್ತದೆ. ಗಲಾಟೆ ಆಯ್ತು. ನಿರ್ಮಾಪಕರು ಕ್ಷಮೆ ಕೇಳಿ ಆ ಮಾತು ತೆಗೆದರು. ಆ ಪಾತ್ರಕ್ಕೆ ಗೌಡ ಅಂತ ಹೆಸರಿಟ್ಟದ್ದೂ ಕೆಲವರಿಗೆ ಚುಚ್ಚಿತು. ನನಗೂ ಆ ಸಾಲು ಹಿಡಿಸಲಿಲ್ಲ, ಕೇಳಿದ್ದು ಸರಿಯೇ. ಆದರೆ ಅದೇ ಸಿನಿಮಾದಲ್ಲಿ ಅವಳು ಹೇಗೆ ಯಕ್ಷಿಯಾದಳು ಅನ್ನುವ ಕತೆ ಇದೆ. ಕಾಡಿನ ಜನಾಂಗದ ಪುಟ್ಟ ಹುಡುಗಿ. ದೇವಸ್ಥಾನದ ನೆಪದಲ್ಲಿ ರಾಜನ ಸಿಟ್ಟು ಅವಳ ಜನರ ಮೇಲೆ ಬೀಳುತ್ತದೆ. ನನ್ನ ವಾಟ್ಸಾಪ್ ಗುಂಪುಗಳಲ್ಲಿ ವಾರಗಟ್ಟಲೆ ಆ ಒಂದು ಡೈಲಾಗಿನ ಜಗಳ ನಡೆಯಿತು. ಈ ಹುಡುಗಿಯ ಬಗ್ಗೆ ಒಬ್ಬರೂ ಒಂದು ಮಾತು ಬರೆಯಲಿಲ್ಲ.

ನಮ್ಮದೇ ಮಾಲೂರು ತಾಲೂಕಿನ ಒಂದು ಹಳ್ಳಿಯಲ್ಲಿ 2022ರಲ್ಲಿ ಉತ್ಸವದ ದೇವರ ಕೋಲನ್ನು ದಲಿತ ಹುಡುಗನೊಬ್ಬ ಮುಟ್ಟಿದ ಅಂತ ಆ ಮನೆಯವರಿಗೆ 60,000 ರೂಪಾಯಿ ದಂಡ ಕಟ್ಟಿ ಅಂದರು. ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಸಿನಿಮಾದ ಹುಡುಗಿಗೆ ಬಾವಲಿ ಕಚ್ಚಿ ಶಕ್ತಿ ಬರುತ್ತದೆ, ನೂರಾರು ವರ್ಷ ಬದುಕಿ ಲೆಕ್ಕ ಚುಕ್ತಾ ಮಾಡುತ್ತಾಳೆ. ಈ ಹುಡುಗನ ಮನೆಯವರು ಗೋಡೆಯಲ್ಲಿದ್ದ ದೇವರ ಪಟ ತೆಗೆದು ಅಂಬೇಡ್ಕರ್ ಪಟ ಹಾಕಿದರು. ಇದು ತೆರೆಯ ಮೇಲೆ ಬಂದರೆ ಶಿಳ್ಳೆ ಬೀಳುತ್ತದಾ? ನನಗೆ ಬೀಳುತ್ತದೆ ಅಂತಲೇ ಅನಿಸುತ್ತದೆ. ಆ ಧೈರ್ಯ ಇರುವ ನಿರ್ಮಾಪಕ ಬೇಕು, ಅಷ್ಟೇ.

ಮೊನ್ನೆ ಭಾನುವಾರ ಇದನ್ನೆಲ್ಲ ಅಕ್ಕನ ಮಗನ ಮುಂದೆ ಒದರಿದೆ. ಅವನು ಶಾಂತವಾಗಿ ಉಪ್ಪಿನಕಾಯಿ ನೆಕ್ಕುತ್ತಾ, "ಜನಾನೇ ಎಲ್ಲ ಮಾಡಿಕೊಂಡ್ರೆ ಹೀರೋ ಯಾಕೆ ಮಾಮ? ಟಿಕೆಟ್ ಯಾರು ತಗೋತಾರೆ?" ಅಂದ. ಅದಕ್ಕೆ ನಾನು 2004ರ ಸ್ಪೈಡರ್‌ಮ್ಯಾನ್ ಎರಡನೇ ಭಾಗ ಹಾಕಿ ರೈಲಿನ ದೃಶ್ಯ ತೋರಿಸಿದೆ. ಓಡುತ್ತಿರುವ ರೈಲನ್ನು ಅವನು ಎದೆ ಕೊಟ್ಟು ನಿಲ್ಲಿಸುತ್ತಾನೆ. ಪ್ರಜ್ಞೆ ತಪ್ಪಿ ಬೀಳುವಾಗ ಒಳಗಿನ ಜನ ಕೈ ಚಾಚಿ ಹಿಡಿದುಕೊಳ್ಳುತ್ತಾರೆ. ತಲೆಯ ಮೇಲೆ ಎತ್ತಿ ಕೈಯಿಂದ ಕೈಗೆ ದಾಟಿಸಿ ಒಳಗೆ ಮಲಗಿಸುತ್ತಾರೆ. ಮುಖವಾಡ ಇಲ್ಲ. ನನ್ನ ಮಗನ ವಯಸ್ಸಿನವನು ಅಂತಾನೆ ಒಬ್ಬ. ಇಬ್ಬರು ಹುಡುಗರು ಮುಖವಾಡ ತಂದು ಕೊಟ್ಟು, ಯಾರಿಗೂ ಹೇಳಲ್ಲ ಅಂತಾರೆ. ಅಷ್ಟರಲ್ಲಿ ನಾಲ್ಕು ಕಬ್ಬಿಣದ ಕೈಗಳ ವಿಲನ್ ಬರುತ್ತಾನೆ. ಒಬ್ಬೊಬ್ಬರೇ ಎದ್ದು ಅಡ್ಡ ನಿಲ್ಲುತ್ತಾರೆ. ಆಫೀಸಿಗೆ ಹೋಗುವವರು, ಕೂಲಿಯವರು, ಬಿಳಿಯರು, ಕಪ್ಪು ಬಣ್ಣದವರು, ಎಲ್ಲರೂ.

"ಹೆಂಗಿದೆ?" ಅಂದೆ.

"ಚೆನ್ನಾಗಿದೆ. ಆದ್ರೆ ಅವನು ಎಲ್ಲರನ್ನೂ ಪಕ್ಕಕ್ಕೆ ತಳ್ಳಿ ಎತ್ಕೊಂಡು ಹೋದ್ನಲ್ಲ ಮಾಮ."

ನಿಜ. ತಳ್ಳುತ್ತಾನೆ. ನಾನು ಉತ್ತರ ಹುಡುಕುತ್ತಿದ್ದಾಗ ಅವನೇ ಸ್ವಲ್ಪ ಹೊತ್ತು ಪರದೆ ನೋಡಿ ಅಂದ: "ಆ ಟ್ರೈನು ಖಾಲಿ ಇತ್ತು, ಅದಕ್ಕೇ ಆಗಿದ್ದು. ನಮ್ಮ ಮಾರಿಕುಪ್ಪಂ ಗಾಡಿಗೆ ಬರಲಿ ನೋಡೋಣ, ಟಿನ್ ಫ್ಯಾಕ್ಟರಿಗೆ ಹೋಗೋರ ಮಧ್ಯೆ ಆ ನಾಲ್ಕು ಕಬ್ಬಿಣದ ಕೈ ಹಿಡ್ಕೊಂಡು ಒಳಗೆ ಬರೋಕೆ ಜಾಗ ಎಲ್ಲಿರುತ್ತೆ?"